ಪದ ಬೇಕು: ಲೇಜಿ ಲೋಡಿಂಗ್, ಸಾಫ್ಟ್ ಡಿಲೀಟ್ (ಶುಕ್ರವಾರ ಅಚ್ಚಿಗೆ ಹೋಗುತ್ತದೆ)

ಹಾಸನದಿಂದ, ಮಂಗಳವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಎರಡು ಪದ ತುರ್ತಾಗಿ ಬೇಕಾಗಿವೆ. ಶನಿವಾರ ಇಲ್ಲಿ ಡಿಪ್ಲೊಮಾ ಮಕ್ಕಳಿಗೆ ಒಂದು ದಿನದ ತರಬೇತಿ ಇದೆ. ಅದಕ್ಕೆ ಕನ್ನಡದಲ್ಲಿ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಶುಕ್ರವಾರ ಮಧ್ಯಾಹ್ನ ಪ್ರೆಸ್ಸಿಗೆ ಕೊಡಬೇಕು. ವಿಷಯ ಓಆರ್‌ಎಂ (ಆಬ್ಜೆಕ್ಟ್ ರಿಲೇಶನಲ್ ಮ್ಯಾಪಿಂಗ್), ಅಂದರೆ ಡೇಟಾಬೇಸಿನ ಟೇಬಲ್ ಸಾಲುಗಳನ್ನು ಪ್ರೋಗ್ರಾಮಿನ ಆಬ್ಜೆಕ್ಟ್‌ಗಳಿಗೆ ಹೊಂದಿಸಿ ಕೊಡುವುದು. ಆ ಕೆಲಸಕ್ಕೆ ಬಳಸುವ ಹೈಬರ್ನೇಟ್, ಎಂಟಿಟಿ ಫ್ರೇಮ್‌ವರ್ಕ್, ಜಾಂಗೋಗಳಲ್ಲಿ ಈಚೆಗೆ ಬಂದ ಸೌಲಭ್ಯಗಳು.

ಟೇಬಲ್, ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ), ಜಾಯಿನ್ (ಟೇಬಲ್‌ಗಳನ್ನು ಸೇರಿಸಿ ಓದುವುದು) ಹಾಗೇ ಇರಲಿ. ಮಕ್ಕಳು ಆಡುವುದೇ ಹಾಗೆ. ತೊಂದರೆ ಇರುವುದು ಈ ಎರಡರಲ್ಲಿ. ನನಗೆ ಸಿಕ್ಕ ಹಳೇ ಅನುವಾದದಲ್ಲಿ 'ಸೋಮಾರಿ ಲೋಡಿಂಗ್', 'ಮೃದು ಅಳಿಸುವಿಕೆ' ಎಂದಿದೆ. ಹೋದ ವರ್ಷ ಅದನ್ನೇ ಓದಿ ಹೇಳಿದೆ. ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ಸೋಮಾರಿ ಆಫ್ ಮಾಡಿದರೆ ಪ್ರೋಗ್ರಾಂ ಚುರುಕಾಗುತ್ತಾ?" ಎಂದು ಕೇಳಿದ. ಅವನ ತಪ್ಪಲ್ಲ, ಪದ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಯಿತು.

ಕೆಲಸ ಇಷ್ಟು. ತೋಟದ ಕೂಲಿ ಲೆಕ್ಕದ ಪ್ರೋಗ್ರಾಂ ಎಂದುಕೊಳ್ಳಿ. ಕೆಲಸಗಾರರ ಪಟ್ಟಿ ಕೇಳಿದರೆ ಹೆಸರುಗಳು ಮಾತ್ರ ಬರುತ್ತವೆ. ಒಬ್ಬೊಬ್ಬರ ಕೂಲಿ ವಿವರ ಡೇಟಾಬೇಸಿನಲ್ಲೇ ಉಳಿದಿರುತ್ತದೆ, ನಾವು ಅದನ್ನು ಮುಟ್ಟಿದಾಗಲೇ ಬರುತ್ತದೆ. ಇದು ಲೇಜಿ. ಬೇಡದ್ದನ್ನು ಹೊತ್ತು ತರುವುದಿಲ್ಲ, ಅದೇ ಇದರ ಗುಣ. ಆದರೆ 200 ಜನರ ಕೂಲಿಯನ್ನೂ ಒಬ್ಬೊಬ್ಬರದಾಗಿ ಮುಟ್ಟುತ್ತಾ ಹೋದರೆ ಪಟ್ಟಿಗೆ ಒಂದು, ಕೂಲಿಗೆ 200, ಒಟ್ಟು 201 ಕ್ವೆರಿ ಓಡುತ್ತವೆ. ಆಗ ಎಲ್ಲವನ್ನೂ ಒಟ್ಟಿಗೆ ತರುವ ಈಗರ್ ಲೋಡಿಂಗ್ ಮೇಲು.

ಸಾಫ್ಟ್ ಡಿಲೀಟ್‌ನಲ್ಲಿ ಸಾಲು ಅಳಿಯುವುದಿಲ್ಲ. 'ಇದು ಹೋಗಿದೆ' ಎಂದು ಒಂದು ಕಾಲಂನಲ್ಲಿ ಗುರುತು ಬೀಳುತ್ತದೆ, ಆಮೇಲಿನ ಕ್ವೆರಿಗಳು ಆ ಸಾಲನ್ನು ಬಿಟ್ಟು ಓದುತ್ತವೆ. ಹೈಬರ್ನೇಟ್‌ನಲ್ಲಿ ಇದನ್ನು ಮೊದಲು ನಾವೇ ಎಸ್‌ಕ್ಯೂಎಲ್ (ಡೇಟಾಬೇಸಿನ ಭಾಷೆ) ಬರೆದು ಹೊಂದಿಸಬೇಕಿತ್ತು. 2023ರಲ್ಲಿ ಬಂದ ಅದರ 6.4ನೇ ಆವೃತ್ತಿಯಲ್ಲಿ ಕೋಡಿಗೆ ಒಂದೇ ಅನೊಟೇಶನ್ (ಸಣ್ಣ ಸೂಚನೆ) ಅಂಟಿಸಿದರೆ ಸಾಕು.

ಪದ ಹೇಳಿ, ದಯವಿಟ್ಟು.

ಚಿಕ್ಕಮಗಳೂರಿನಿಂದ, ಬುಧವಾರ ಬೆಳಿಗ್ಗೆ

ಲೇಜಿ ಲೋಡಿಂಗ್: ತಡತರಿಕೆ. ಈಗರ್ ಲೋಡಿಂಗ್: ಮುಂತರಿಕೆ. ಸಾಫ್ಟ್ ಡಿಲೀಟ್: ಮರೆಯಳಿಕೆ. ಮೂರೂ ಅಚ್ಚಗನ್ನಡ. ನಾನೂ ಡೇಟಾಬೇಸ್ ಕೆಲಸದವನೇ, ಬಳಸಿ ನೋಡಿದ್ದೇನೆ.

ಬೇಲೂರಿನಿಂದ, ಬುಧವಾರ

'ತರಿಕೆ' ಆಗುವುದಿಲ್ಲ. ತರು ಎಂಬುದಕ್ಕೆ ತರುವಿಕೆ. ತರಿಕೆ ಎಂದರೆ ತರಿಯುವುದು, ಕಡಿಯುವುದು. ಅದೂ ಅಲ್ಲದೆ ತರಿ ಎಂದರೆ ನಮ್ಮ ಪಹಣಿಯಲ್ಲಿ ಗದ್ದೆ. ರೈತರ ಮನೆಯ ಹುಡುಗ 'ತಡತರಿಕೆ' ಓದಿದರೆ ಏನು ತಿಳಿದುಕೊಳ್ಳಬೇಕು?

ಯಾರಾದರೂ 'ಗುಪ್ತ ಅಳಿಕೆ' ಎನ್ನುವ ಮೊದಲೇ ಹೇಳುತ್ತೇನೆ: ಸಂಸ್ಕೃತಕ್ಕೆ ಕನ್ನಡ ಜೋಡಿಸಿದ ಅರಿಸಮಾಸ. ಬೇಡ.

ಚಿಕ್ಕಮಗಳೂರಿನಿಂದ, ಬುಧವಾರ

ಮೇಷ್ಟ್ರೇ, ಪದ ಬಳಸಿದರೆ ಬೇರೂರುತ್ತದೆ. ಹೊಸ ಪದ ಮೊದಲ ದಿನ ಯಾರಿಗೂ ಹಿಡಿಸುವುದಿಲ್ಲ.

ಬೇಲೂರಿನಿಂದ, ಬುಧವಾರ

ತಪ್ಪು ಪದವೂ ಬೇರೂರುತ್ತದೆ. ಅದೇ ನನ್ನ ಭಯ.

ಮೂಡಿಗೆರೆಯಿಂದ, ಬುಧವಾರ ರಾತ್ರಿ

ಮೇಡಂ ತೋಟದ ಮಾತು ಎತ್ತಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತಂದೆಯ ಕಾಲದ ಹಾಜರಿ ಪುಸ್ತಕಗಳು ಇನ್ನೂ ಅಟ್ಟದ ಮೇಲಿವೆ. ಒಂದನ್ನು ಈಗ ಇಳಿಸಿ ನೋಡಿದೆ. ಕೆಲಸ ಬಿಟ್ಟು ಹೋದವರ ಹೆಸರಿನ ಮೇಲೆ ರೈಟರು ಸ್ಕೇಲ್ ಇಟ್ಟು ಕೆಂಪು ಶಾಯಿಯಲ್ಲಿ ಗೀಟು ಎಳೆದಿದ್ದಾರೆ. ಹೆಸರು ಕೆಳಗೆ ಸ್ಪಷ್ಟವಾಗಿ ಕಾಣುತ್ತದೆ. ಪಕ್ಕದಲ್ಲಿ ತಾರೀಖು. ವಾರದ ಬಟವಾಡೆಗೆ ಕೂಡುವಾಗ ಗೀಟು ಬಿದ್ದ ಸಾಲನ್ನು ಬಿಟ್ಟು ಕೂಡುತ್ತಿದ್ದರು. ಹಳೇ ಬಾಕಿ ಕೇಳಿಕೊಂಡು ಬಂದರೆ ಅದೇ ಸಾಲು ತೆಗೆದು ನೋಡುತ್ತಿದ್ದರು. ಹಾಳೆ ಹರಿದದ್ದು ನಾನು ಕಾಣೆ.

ಸಾಫ್ಟ್ ಡಿಲೀಟ್ ಅಂದರೆ ಇದೇ ಅಲ್ವಾ? 'ಗೀಟು ಹಾಕುವುದು' ಅನ್ನಿ.

ಶೃಂಗೇರಿಯಿಂದ, ಗುರುವಾರ ಬೆಳಿಗ್ಗೆ

ಮೂಡಿಗೆರೆಯವರ ಮಾತು ಓದಿ ಖುಷಿಯಾಯಿತು. ಅದರ ಎದುರು ಪದವೂ ನಮ್ಮ ಜಿಲ್ಲೆಯಲ್ಲೇ ಇದೆ. ಮಠದ ಕಡತಗಳನ್ನು ಕೇಳಿರುತ್ತೀರಿ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದ ಬರಹ ಒರೆಸಿದರೆ ಹೋಯಿತು, ಅದೇ ಜಾಗದಲ್ಲಿ ಹೊಸ ಲೆಕ್ಕ. ಅದು ನಿಜವಾದ ಡಿಲೀಟ್. ಕಡತದಲ್ಲಿ ಒರೆಸುವುದು, ಪುಸ್ತಕದಲ್ಲಿ ಗೀಟು ಹಾಕುವುದು. ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಿ, ಮಕ್ಕಳು ಮರೆಯುವುದಿಲ್ಲ.

ಇನ್ನೊಂದು. ಓಆರ್‌ಎಂನ ನಡುವೆ ಇರುವ ರಿಲೇಶನಲ್ ಎಂಬುದನ್ನು ದಯವಿಟ್ಟು 'ಟೇಬಲ್‌ಗಳ ನಡುವಿನ ಸಂಬಂಧ' ಎಂದು ಬಿಡಿಸಬೇಡಿ. ಈ ಬಗೆಯ ಡೇಟಾಬೇಸಿನ ಕಲ್ಪನೆ ಕೊಟ್ಟ ಎಡ್ಗರ್ ಕಾಡ್ 1970ರಲ್ಲಿ ಬರೆದ ಲೇಖನದಲ್ಲಿ ರಿಲೇಶನ್ ಎಂಬುದು ಗಣಿತದ ಪದ. ಹೆಚ್ಚುಕಡಿಮೆ ಟೇಬಲ್ಲೇ ರಿಲೇಶನ್. ಈ ತಪ್ಪು ಪಾಠ ಬಹಳ ಕಡೆ ನಡೆಯುತ್ತಿದೆ.

ಚಿಕ್ಕಮಗಳೂರಿನಿಂದ, ಗುರುವಾರ

ಗೀಟು ಒಪ್ಪಿದೆ, ಒಳ್ಳೆಯ ಕನ್ನಡ ಪದ. ಮರೆಯಳಿಕೆ ಹಿಂದಕ್ಕೆ ತೆಗೆದುಕೊಂಡೆ. ಆದರೆ ಹಾಜರಿ, ಬಟವಾಡೆ, ಬಾಕಿ, ರೈಟರು ಎಲ್ಲ ಹೊರಗಿನವು. ಕೈಪಿಡಿಯಲ್ಲಿ ಬೇಡ.

ಮೂಡಿಗೆರೆಯಿಂದ, ಗುರುವಾರ

ಅಲ್ಲ ಸ್ವಾಮಿ, ಬಾಕಿ ಬೇಡ ಅಂದರೆ ಬಾಕಿ ವಸೂಲಿ ಮಾಡುವುದು ಹೇಗೆ? ಜಮಾ, ಖರ್ಚು, ದಾಖಲೆ, ರೈತ, ಎಲ್ಲ ಅರಬ್ಬಿ ಪಾರಸಿಯಿಂದ ಬಂದವು. ನಾವು ಬೆಳೆಯುವ ಕಾಫಿಯ ಹೆಸರೂ ಮೂಲದಲ್ಲಿ ಅರಬ್ಬಿಯದೇ. ಬಾಬಾ ಬುಡನ್ ಬೀಜ ತಂದರು ಎನ್ನುತ್ತಾರೆ, ಹೆಸರೂ ಹೊರಗಿನಿಂದಲೇ ಬಂತು. ಗಿಡ ನಮ್ಮ ಮಣ್ಣಲ್ಲಿ ಬೆಳೆದಿದೆ, ಪದ ನಮ್ಮ ಬಾಯಲ್ಲಿ ಬೆಳೆದಿದೆ.

ಬೇಲೂರಿನಿಂದ, ಗುರುವಾರ ಸಂಜೆ

ಇಬ್ಬರೂ ಹಲ್ಮಿಡಿಗೆ ಬನ್ನಿ, ನಮ್ಮ ತಾಲ್ಲೂಕೇ. ಸುಮಾರು 450ರ ಶಾಸನ ಅದು, ಸಂಸ್ಕೃತದ ಪದಗಳೇ ತುಂಬಿವೆ. ಅದರ ನಡುವೆ 'ಬಾಳ್ಗಳ್ಚು' ಇದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕಕಾರಕ್ಕೆ ಗಕಾರ ಬಂದಿದೆ, ಹೇಳಬೇಕಾಗಿಲ್ಲ. ಯುದ್ಧದಲ್ಲಿ ಗೆದ್ದವನಿಗೆ ಕೊಟ್ಟ ಊರಿನ ದಾನಕ್ಕೆ 'ಕತ್ತಿ ತೊಳೆಯುವುದು' ಎಂಬ ಮಾತು. ಎರವಲೂ ಇತ್ತು, ಸ್ವಂತದ್ದೂ ಇತ್ತು, ಒಂದೇ ಕಲ್ಲಿನ ಮೇಲೆ. ಅಂಥ ಪದ ಮಾಡುವ ಶಕ್ತಿ ಇರುವ ಭಾಷೆಗೆ 'ಸೋಮಾರಿ ಲೋಡಿಂಗ್' ಹಾಕುವುದು ನನಗೆ ನೋವಿನ ವಿಷಯ.

ಗೀಟು, ಗೀರು, ಗೀಚು ಒಂದೇ ಬಳಗ. ಸಂಶಯವಿಲ್ಲದೆ ಬಳಸಿ.

ಚಿಕ್ಕಮಗಳೂರಿನಿಂದ, ಗುರುವಾರ ರಾತ್ರಿ

ಬಾಳ್ಗಳ್ಚು ನನ್ನ ಮಾತನ್ನೇ ಹೇಳುತ್ತದೆ ಮೇಷ್ಟ್ರೇ. ಎರವಲು ಪದಗಳು ಕಲ್ಲಿನ ಮೇಲೆ ಸಾಲುಗಟ್ಟಿದ್ದರೂ ಇವತ್ತು ನೀವು ನೆನಪಿಸಿಕೊಂಡದ್ದು ಆ ಒಂದು ಕನ್ನಡ ಪದವನ್ನು.

ಹಾಸನದಿಂದ, ಶುಕ್ರವಾರ ಬೆಳಿಗ್ಗೆ

ಎಲ್ಲರಿಗೂ ಮನಸಾರೆ ಧನ್ಯವಾದ. ರಾತ್ರಿ ಕೂತು ಕೈಪಿಡಿ ತಿದ್ದಿದೆ. ಲೇಜಿ ಲೋಡಿಂಗ್‌ಗೆ 'ಕೇಳಿದಾಗ ತರುವುದು', ಈಗರ್ ಲೋಡಿಂಗ್‌ಗೆ 'ಮೊದಲೇ ತರುವುದು' ಹಾಕಿದ್ದೇನೆ. ಚಿಕ್ಕದಲ್ಲ, ಗೊತ್ತು. ಆದರೆ ಪ್ರೋಗ್ರಾಂ ಮಾಡುವ ಕೆಲಸವನ್ನೇ ಹೇಳುತ್ತದೆ, ಆ ಹುಡುಗನ ಪ್ರಶ್ನೆ ಇನ್ನು ಏಳುವುದಿಲ್ಲ. ಸಾಫ್ಟ್ ಡಿಲೀಟ್ 'ಗೀಟು ಹಾಕುವುದು'. ಹಾಜರಿ ಪುಸ್ತಕದ ಕಥೆಯನ್ನೂ ಕಡತದ ಕಥೆಯನ್ನೂ ಎರಡನೇ ಪುಟದಲ್ಲೇ ಇಟ್ಟಿದ್ದೇನೆ. ಹಾಜರಿ ಎಂಬ ಪದವೂ ಇದೆ, ಚಿಕ್ಕಮಗಳೂರಿನವರು ಕ್ಷಮಿಸಬೇಕು. ಇಂಗ್ಲಿಷ್ ಹೆಸರನ್ನು ಮೊದಲ ಸಲ ಮಾತ್ರ ಪಕ್ಕದಲ್ಲಿ ಕೊಟ್ಟಿದ್ದೇನೆ, ಕೆಲಸಕ್ಕೆ ಹೋದಾಗ ಅದೂ ಬೇಕಾಗುತ್ತದೆ.

2022ರ ಎಂಟಿಟಿ ಫ್ರೇಮ್‌ವರ್ಕ್ ಕೋರ್ 7ರಲ್ಲಿ ಬಂದ ಸೌಲಭ್ಯಕ್ಕೂ ಇದೇ ದಾರಿ ಹಿಡಿದೆ. ಸಾಲುಗಳನ್ನು ಪ್ರೋಗ್ರಾಮಿಗೆ ತಂದುಕೊಳ್ಳದೆ, ಡೇಟಾಬೇಸಿನಲ್ಲಿ ಇದ್ದಲ್ಲೇ ಒಂದೇ ಆಜ್ಞೆಯಲ್ಲಿ ಅಳಿಸುತ್ತದೆ. ಅದಕ್ಕೆ 'ಇದ್ದಲ್ಲೇ ಒರೆಸುವುದು'.

ಒಂದು ಉಳಿಯಿತು. ಜಾಂಗೋ 5.2ರಲ್ಲಿ, ಅಂದರೆ 2025ರಲ್ಲಿ, ಕಾಂಪೊಸಿಟ್ ಪ್ರೈಮರಿ ಕೀ ಬಂದಿದೆ. ಒಂದಕ್ಕಿಂತ ಜಾಸ್ತಿ ಕಾಲಂ ಸೇರಿ ಸಾಲನ್ನು ಗುರುತಿಸುವುದು. 'ಜೋಡಿ ಕೀ' ಎಂದು ಬರೆದಿದ್ದೇನೆ. ಮಧ್ಯಾಹ್ನ ಹನ್ನೆರಡರವರೆಗೆ ತಿದ್ದಬಹುದು.

ಬೇಲೂರಿನಿಂದ, ಶುಕ್ರವಾರ

ಜೋಡಿ ಎಂದರೆ ಎರಡು. ಮೂರು ಕಾಲಂ ಸೇರಿದರೆ ಏನು ಮಾಡುತ್ತೀರಿ? 'ಕೂಡು ಕೀ' ಎನ್ನಿ, ಕೂಡು ಕುಟುಂಬದ ಹಾಗೆ.

ಚಿಕ್ಕಮಗಳೂರಿನಿಂದ, ಶುಕ್ರವಾರ

ಕೂಡು ಸರಿ. 'ಕೀ' ಯಾಕೆ? ಬೀಗದ ಕೈ ಇದೆಯಲ್ಲ.

ಹಾಸನದಿಂದ, ಶುಕ್ರವಾರ, 11.50

ಕೂಡು ಕೀ ಹಾಕಿದೆ. ಪ್ರೆಸ್ಸಿಗೆ ಹೊರಟೆ.