ಬಿಸಿಲು ಜೂನಿಗೆ ಜೋರು, ಹಿಮ ಸೆಪ್ಟೆಂಬರಿಗೆ ಕಡಿಮೆ: ಎಂತಕ್ಕೆ?

ಮಲ್ಪೆಯಿಂದ ಪ್ರಶ್ನೆ:
ಜುಲೈ 31ರವರೆಗೆ ಬೋಟಿಗೆ ರಜೆ. ಬಲೆ ಸರಿಮಾಡುತ್ತಾ ಮೊಬೈಲಿನಲ್ಲಿ ಆರ್ಕ್ಟಿಕ್ ನಕ್ಷೆ ನೋಡಿದೆ. ಅಲ್ಲಿ ಸೂರ್ಯ ಜೋರಿರುವುದು ಜೂನಿನಲ್ಲಿ. ಸಮುದ್ರದ ಹಿಮ ತೀರಾ ಕಡಿಮೆಯಾಗುವುದು ಮಾತ್ರ ಸೆಪ್ಟೆಂಬರಿಗೆ. ಎಂತಕ್ಕೆ ಮಾರಾಯ್ರೆ?

ಉಡುಪಿ, ನಿವೃತ್ತ ಮೇಷ್ಟ್ರು:
ಒಲೆ ಆರಿದ ಮೇಲೂ ಹಂಡೆಯ ನೀರು ಬಿಸಿ ಇರುತ್ತದಲ್ಲ, ಹಾಗೆ ಸಮುದ್ರವೂ ಹೀರಿದ ಬಿಸಿ ಹಿಡಿದಿಟ್ಟು ಹಿಮ ಕರಗಿಸುತ್ತಲೇ ಇರುತ್ತದೆ. ಮೇಲಾಗಿ ಹಿಮ ಕರಗಿದಲ್ಲಿ ಕಪ್ಪು ನೀರು ಇನ್ನಷ್ಟು ಬಿಸಿಲು ಹೀರುತ್ತದೆ. ಸಮುದ್ರದ ಉಪ್ಪುನೀರು ಹೆಪ್ಪುಗಟ್ಟಲು ಸುಮಾರು ಮೈನಸ್ 1.8 ಡಿಗ್ರಿ ಬೇಕು, ಅಷ್ಟು ತಣ್ಣಗಾಗುವವರೆಗೆ ಹೊಸ ಹಿಮ ಕಟ್ಟುವುದಿಲ್ಲ. ಮಾರ್ಚಿನಲ್ಲಿ ಅಂದಾಜು 1.5 ಕೋಟಿ ಚದರ ಕಿ.ಮೀ. ಹಿಮ, 2012ರ ಸೆಪ್ಟೆಂಬರಿನಲ್ಲಿ 34 ಲಕ್ಷಕ್ಕೆ ಇಳಿದಿತ್ತು.

ಮಂಗಳೂರು:
ಅಂಟಾರ್ಕ್ಟಿಕಾದಲ್ಲಿ ಉಲ್ಟಾ. ಸೆಪ್ಟೆಂಬರಿನಲ್ಲಿ ಹೆಚ್ಚು, ಫೆಬ್ರವರಿಯಲ್ಲಿ ಕಡಿಮೆ.

ಮಲ್ಪೆ:
ಹಂಡೆ ಲೆಕ್ಕ ಅರ್ಥವಾಯ್ತು ಸರ್. ಐಸ್ ಪ್ಲಾಂಟಿನವನಿಗೆ ಹೇಳಿದೆ, ನಗಾಡಿದ.