ಹಮ್ಮಿಂಗ್‌ಬರ್ಡ್ ಬರುತ್ತದೆ, ಫೀಡರ್‌ನಲ್ಲಿ ಕುಡಿಯದೆ ಹೋಗುತ್ತದೆ. ಏನು ಮಾಡಲಿ?

ಪ್ರಶ್ನೆ:
ನಾವಿರುವುದು ನಾರ್ತ್ ಕೆರೊಲಿನಾದ ರಾಲಿಯಲ್ಲಿ. ಹೋದ ವರ್ಷ ಹಿತ್ತಲಿನ ಫೀಡರ್‌ಗೆ (ಹಕ್ಕಿಗಳಿಗೆ ಸಿಹಿನೀರು ತುಂಬಿ ತೂಗುಹಾಕುವ ಬಾಟಲಿ) ಸೆಪ್ಟೆಂಬರ್‌ವರೆಗೂ ಹಮ್ಮಿಂಗ್‌ಬರ್ಡ್‌ಗಳು ಬರುತ್ತಿದ್ದವು. ಈ ಏಪ್ರಿಲ್ ಮೊದಲ ವಾರ ಒಂದು ಗಂಡು ಬಂತು. ಬಿಸಿಲಿಗೆ ತಿರುಗಿದಾಗ ಕತ್ತು ಕೆಂಡದ ಹಾಗೆ ಹೊಳೆಯಿತು. ಆದರೆ ಫೀಡರ್ ಕಡೆ ಬರಲೇ ಇಲ್ಲ, ಡೆಕ್‌ನ ಎಡ ಮೂಲೆಯಲ್ಲಿ ಏನೂ ಇಲ್ಲದ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ಸುಮ್ನೆ ನಿಂತಿತ್ತು, ಆಮೇಲೆ ಹೋಯಿತು. ಮೂರು ದಿನ ಹೀಗೇ. ನಿನ್ನೆ ಫೀಡರ್‌ಗೆ ಬಂದು ಕೊಕ್ಕು ಹಾಕಿತು, ತಕ್ಷಣ ಹಾರಿಹೋಯಿತು. ಈ ಸಲ ಬೆಲ್ಲದ ನೀರು ಹಾಕಿದ್ದೇನೆ. ಸಕ್ಕರೆಗಿಂತ ಒಳ್ಳೆಯದು ಅಲ್ವಾ?

ಉತ್ತರ:
ಹೋದ ವರ್ಷ ಫೀಡರ್ ಆ ಮೂಲೆಯಲ್ಲೇ ಇತ್ತಾ?

ಪ್ರಶ್ನೆ ಕೇಳಿದವರು:
ಹೌದು! ಕೊಕ್ಕೆ ಮುರಿದಿತ್ತು, ಅದಕ್ಕೇ ಈಗ ಅಡುಗೆಮನೆ ಕಿಟಕಿಯ ಹತ್ತಿರ ತೂಗುಹಾಕಿದ್ದೇನೆ.

ಉತ್ತರ:
ಹಾಗಾದರೆ ಹೋದ ವರ್ಷದ ಹಕ್ಕಿಯೇ ಇರಬೇಕು. ಕಾಲಿಗೆ ಉಂಗುರ ಹಾಕಿ ಬಿಟ್ಟ ಹಕ್ಕಿಗಳು ಮರುವರ್ಷ ಅದೇ ಹಿತ್ತಲಿಗೆ ಬಂದದ್ದು ಎಷ್ಟೋ ಸಲ ಕಂಡಿದೆ. ಮೂರು ಗ್ರಾಂ ತೂಗುವ ಜೀವ ಅದು, ಚಳಿಗಾಲವನ್ನು ಮೆಕ್ಸಿಕೋ ಕಡೆಯೋ ಮಧ್ಯ ಅಮೆರಿಕದಲ್ಲೋ ಕಳೆದು ಇಷ್ಟು ದೂರ ಬಂದು ನಿಮ್ಮ ಡೆಕ್‌ನ ಮೂಲೆ ಹುಡುಕುತ್ತಿದೆ. ದಯವಿಟ್ಟು ಇವತ್ತೇ ಅಲ್ಲಿ ಹೊಸ ಕೊಕ್ಕೆ ಹಾಕಿ.

ಬೆಲ್ಲ ಮಾತ್ರ ಬೇಡವೇ ಬೇಡ. ಅದರಲ್ಲಿರುವ ಕಬ್ಬಿಣದ ಅಂಶ ಈ ಹಕ್ಕಿಗೆ ಆಗಿಬರುವುದಿಲ್ಲ. ಜೇನೂ ಬೇಡ, ಕೆಂಪು ಬಣ್ಣವೂ ಬೇಡ. 1 ಕಪ್ ಬಿಳಿ ಸಕ್ಕರೆಗೆ 4 ಕಪ್ ನೀರು, ಅಷ್ಟೇ. ಒಂದೇ ಹಕ್ಕಿ ಬರುತ್ತಿರುವಾಗ ಅರ್ಧ ಕಪ್ ಹಾಕಿದರೆ ಸಾಕು, ಬಾಕಿಯದು ಫ್ರಿಜ್‌ನಲ್ಲಿರಲಿ. ಸೆಕೆ ಜಾಸ್ತಿಯಾದರೆ ಎರಡು ದಿನಕ್ಕೊಮ್ಮೆ ಚೆಲ್ಲಿ, ಬಿಸಿನೀರಲ್ಲಿ ತೊಳೆದು ಹೊಸದು ತುಂಬಿ. ಹೂವಿನಾಕಾರದ ತೂತುಗಳೊಳಗೆ ಟಾರ್ಚ್ ಬಿಟ್ಟು ನೋಡಿ. ಕಪ್ಪು ಬೂಷ್ಟು ಇದ್ದರೆ ಸಣ್ಣ ಬ್ರಷ್‌ನಿಂದ ಉಜ್ಜಲೇಬೇಕು.

ಪ್ರಶ್ನೆ ಕೇಳಿದವರು:
ಬೆಲ್ಲದ ನೀರು ಆಗಲೇ ಚೆಲ್ಲಿದೆ. ಎರಡು ತೂತುಗಳಲ್ಲಿ ಬೂಷ್ಟಿತ್ತು, ಉಜ್ಜಿ ತೆಗೆದೆ. ಹಳೇ ಮೂಲೆಗೇ ಹಾಕಿದೆ. ಇವತ್ತು ಬೆಳಿಗ್ಗೆ ಏಳಕ್ಕೆ ಬಂತು, ನೇರ ಫೀಡರ್‌ಗೇ! ಅಂಚಿನಲ್ಲಿ ಕೂತು ಕುಡಿಯಿತು. ಬಾಟಲಿಯೊಳಗೆ ಸಣ್ಣ ಗುಳ್ಳೆ ಮೇಲೇರಿದ್ದು ಕಿಟಕಿಯಿಂದಲೇ ಕಂಡಿತು. ಮಗಳನ್ನು ಎಬ್ಬಿಸಿ ತೋರಿಸಿದೆ. ಈಗ ಇನ್ನೊಂದು ಬಂದಿದೆ, ಆದರೆ ಮೊದಲನೆಯದು ಅದನ್ನು ಹತ್ತಿರಕ್ಕೇ ಬಿಡುತ್ತಿಲ್ಲ.

ಉತ್ತರ:
ಅದು ಅವುಗಳ ಸ್ವಭಾವ. ಕಿಟಕಿಯ ಹತ್ತಿರ ಇನ್ನೊಂದು ಫೀಡರ್ ಹಾಕಿ, ಮೂಲೆಯಲ್ಲಿ ಕೂತ ಹಕ್ಕಿಗೆ ಅದು ಕಾಣಬಾರದು.