ವಲೆಟ್ಟಾದಲ್ಲಿ ಒಂದು ದಿನ: ಚಿಕ್ಕ ಮಕ್ಕಳ ಜೊತೆ ಹಡಗಿನಿಂದ ಇಳಿದು ಏನು ನೋಡಬಹುದು?

ಪ್ರಶ್ನೆ:
ನಮಸ್ಕಾರ ಸರ್. ನಾವು ಮೈಸೂರಿನವರು, ಈಗ ಮ್ಯೂನಿಕ್‌ನಲ್ಲಿ ಇದ್ದೇವೆ. ಜುಲೈನಲ್ಲಿ ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡಿದ್ದೇವೆ. ಒಂದು ದಿನ ಹಡಗು ಮಾಲ್ಟಾದ ವಲೆಟ್ಟಾದಲ್ಲಿ ನಿಲ್ಲುತ್ತದೆ, ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ. ಮಗಳಿಗೆ 5 ವರ್ಷ, ಮಗನಿಗೆ 2. ಊರಿನಿಂದ ಅತ್ತೆಯೂ ಬರುತ್ತಿದ್ದಾರೆ, ಅವರಿಗೆ ಮಂಡಿನೋವು. ಹಡಗಿನವರ ಬಸ್ ಟೂರ್‌ನಲ್ಲಿ ಮ್ದೀನಾ ಕೋಟೆ ಊರು, ಬ್ಲೂ ಗ್ರೊಟ್ಟೊ ಗುಹೆ ಎಲ್ಲಾ ಸೇರಿದೆ. ಅದನ್ನೇ ತಗೊಳ್ಳೋದಾ, ಇಲ್ಲ ನಾವೇ ಓಡಾಡಬಹುದಾ? ನಾವು ಸಸ್ಯಾಹಾರಿಗಳು.

ಉತ್ತರ (ಟೂರ್ ಮ್ಯಾನೇಜರ್, ಕ್ರೂಸ್ ಪ್ರವಾಸಗಳು):
ನಮಸ್ಕಾರ ಮೇಡಂ. ಬಸ್ ಟೂರ್ ಬೇಡ. ವಲೆಟ್ಟಾ ಬಿಟ್ಟು ಎಲ್ಲಿಗೂ ಹೋಗಬೇಡಿ.

ಕಾರಣ ಹೇಳುತ್ತೇನೆ. ಮೆಡಿಟರೇನಿಯನ್‌ನ ಎಷ್ಟೋ ಬಂದರುಗಳಲ್ಲಿ ಹಡಗು ನಿಲ್ಲುವ ಜಾಗ ಬೇರೆ, ನೋಡುವ ಊರು ಬೇರೆ. ರೋಮ್ ಅಂತ ಬರೆದಿರುತ್ತಾರೆ, ಇಳಿಯುವುದು ಚಿವಿಟಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್ ಸುಮಾರು 80 ಕಿಲೋಮೀಟರ್. ಫ್ಲಾರೆನ್ಸ್‌ಗೆ ಲಿವೊರ್ನೊದಲ್ಲಿ ಇಳಿದು ಅಷ್ಟೇ ದೂರ ಹೋಗಬೇಕು. ವಲೆಟ್ಟಾ ಹಾಗಲ್ಲ. ಹಡಗು ಊರಿನ ಕೋಟೆಗೋಡೆಯ ಬುಡದಲ್ಲೇ ನಿಲ್ಲುತ್ತದೆ. ಇಷ್ಟು ಒಳ್ಳೆಯ ಅನುಕೂಲ ಇರುವಾಗ ಎರಡು ವರ್ಷದ ಮಗುವನ್ನು ಬಸ್ಸಿನಲ್ಲಿ ಕೂರಿಸಿ ಊರೂರು ಸುತ್ತಿಸುವುದು ನನಗೆ ಸರಿ ಕಾಣುವುದಿಲ್ಲ. ಬ್ಲೂ ಗ್ರೊಟ್ಟೊದಲ್ಲಿ ಸಣ್ಣ ದೋಣಿಗಳು ತೆರೆದ ಸಮುದ್ರಕ್ಕೆ ಹೋಗುತ್ತವೆ. ಅಲೆ ಜಾಸ್ತಿ ಇದ್ದರೆ ಆ ದಿನ ದೋಣಿಯೇ ಇಲ್ಲ.

ನಿಮ್ಮ ದಿನ ಇಳಿಯುವ ಮೊದಲೇ ಶುರುವಾಗಲಿ. ಹಡಗು ಗ್ರ್ಯಾಂಡ್ ಹಾರ್ಬರ್ ಒಳಗೆ ಬರುವಾಗ ಮಕ್ಕಳನ್ನು ಎಬ್ಬಿಸಿ ಮೇಲಿನ ಡೆಕ್‌ಗೆ ಕರೆದುಕೊಂಡು ಹೋಗಿ. 8ಕ್ಕೆ ಕಟ್ಟುವ ಹಡಗು ಅದಕ್ಕೂ ಮುಂಚೆಯೇ ಒಳಗೆ ಬರುತ್ತದೆ. ಬಲಗಡೆ ಸೇಂಟ್ ಎಲ್ಮೊ ಕೋಟೆ, ಎಡಗಡೆ ರಿಕಸೋಲಿ ಕೋಟೆ, ನಡುವೆ ನಿಮ್ಮ ಹಡಗು. 1565ರಲ್ಲಿ ಆಟೋಮನ್ ತುರ್ಕರ ಸೈನ್ಯ ಇಲ್ಲಿಗೆ ಮುತ್ತಿಗೆ ಹಾಕಿದಾಗ ಸೇಂಟ್ ಎಲ್ಮೊ ಅವರ ವಶವಾಯಿತು, ಆದರೆ ದ್ವೀಪ ಅದನ್ನು ಆಳುತ್ತಿದ್ದ ಸೇಂಟ್ ಜಾನ್ ನೈಟ್ಸ್ ಎಂಬ ಕ್ರೈಸ್ತ ಯೋಧರ ಕೈತಪ್ಪಲಿಲ್ಲ. ಮುಂದಿನ ವರ್ಷವೇ ಆ ಯೋಧರು ಈ ಊರು ಕಟ್ಟಲು ಶುರುಮಾಡಿದರು. ಇದನ್ನೇ ಮಗಳಿಗೆ ಹಿಂದಿನ ರಾತ್ರಿ ಕಥೆಯಾಗಿ ಹೇಳಿ. ಬೆಳಿಗ್ಗೆ ಕೋಟೆ ಕಂಡಾಗ ಅವಳೇ ಗುರುತು ಹಿಡಿಯುತ್ತಾಳೆ.

ಆಮೇಲೆ ನಿಧಾನವಾಗಿ ತಿಂಡಿ ತಿಂದು, ಎಲ್ಲರೂ ಟಾಯ್ಲೆಟ್‌ಗೆ ಹೋಗಿ ಬಂದು, ಒಂಬತ್ತೂವರೆ ಹೊತ್ತಿಗೆ ಇಳಿಯಿರಿ. ಮೊದಲ ನೂಕುನುಗ್ಗಲು ಅಷ್ಟರಲ್ಲಿ ಕಡಿಮೆಯಾಗಿರುತ್ತದೆ. ನೀರಿನ ಅಂಚಿನ ರಸ್ತೆಯಲ್ಲೇ ಹದಿನೈದು ನಿಮಿಷ ನಡೆದರೆ ಲಸ್ಕಾರಿಸ್ ದೋಣಿಕಟ್ಟೆ. ಮಗು ಜೊತೆ ಇದ್ದರೆ ಇನ್ನೂ ಸ್ವಲ್ಪ ಹೊತ್ತು. ಅಲ್ಲಿಂದ ಎದುರು ದಡದ ಮೂರು ಹಳೆಯ ಊರುಗಳ ಕಡೆಗೆ ದೋಣಿ ಸರ್ವೀಸ್ ಇದೆ. ಪ್ರಯಾಣ ಕೆಲವೇ ನಿಮಿಷ. ಬಂದರಿನ ಒಳಗೆ ಅಲೆ ಕಡಿಮೆ, ಚಿಕ್ಕವರಿಗೆ ಹೊಟ್ಟೆ ತೊಳೆಸುವ ಭಯ ಅಷ್ಟಾಗಿ ಇಲ್ಲ. ಬಣ್ಣ ಬಣ್ಣದ ಸಾಂಪ್ರದಾಯಿಕ ಸಣ್ಣ ದೋಣಿಗಳೂ ಸಿಗುತ್ತವೆ. ಹತ್ತುವ ಮೊದಲು ದರ ಮಾತಾಡಿ, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂತ ಕೇಳಿ. ಆಚೆ ದಡದಲ್ಲಿ ಅರ್ಧ ಗಂಟೆ ಅಡ್ಡಾಡಿ ವಾಪಸ್ ಬನ್ನಿ.

ಈಗ ಮುಖ್ಯ ವಿಷಯ. ದೋಣಿಕಟ್ಟೆಯ ಹತ್ತಿರವೇ ಬರಾಕಾ ಲಿಫ್ಟ್ ಇದೆ. 2012ರಲ್ಲಿ ಶುರುವಾದದ್ದು, 58 ಮೀಟರ್ ಎತ್ತರ. ಅರ್ಧ ನಿಮಿಷದೊಳಗೆ ಊರಿನ ಮೇಲ್ಮಟ್ಟಕ್ಕೆ, ಅಪ್ಪರ್ ಬರಾಕಾ ಉದ್ಯಾನಕ್ಕೆ ತಲುಪಿಸುತ್ತದೆ. ಉದ್ಯಾನದ ಕೆಳಗಿನ ಹಂತದಲ್ಲಿ ಸಾಲಾಗಿ ಫಿರಂಗಿಗಳು. ದಿನಾ ಮಧ್ಯಾಹ್ನ 12ಕ್ಕೆ ಮತ್ತು ಸಂಜೆ 4ಕ್ಕೆ ಒಂದು ಫಿರಂಗಿ ಹಾರಿಸುತ್ತಾರೆ. ಕೆಳಗೆ ಇಳಿದು ನೋಡಲು ಟಿಕೆಟ್, ಮೇಲಿನ ಕಟಕಟೆಯಿಂದ ನೋಡಲು ಪುಕ್ಕಟೆ. ಮಕ್ಕಳಿಗೆ ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ. ಹನ್ನೊಂದೂ ಮುಕ್ಕಾಲಿಗೆ ಅಲ್ಲಿರಿ, ಇಲ್ಲದಿದ್ದರೆ ಮುಂದಿನ ಸಾಲು ಸಿಗುವುದಿಲ್ಲ. ಶಬ್ದ ತುಂಬಾ ಜೋರು. ಮಗನನ್ನು ಯಾರಾದರೂ ಹಿಂದಿನ ಕಮಾನುಗಳ ಹತ್ತಿರ ಎತ್ತಿಕೊಂಡು, ಕಿವಿ ಮುಚ್ಚಿ ನಿಂತಿರಲಿ.

ಅಲ್ಲಿಗೆ ನಿಮ್ಮ ದಿನದ ದೊಡ್ಡ ಕೆಲಸ ಮುಗಿಯಿತು. ಊಟ ಮಾಡಿ, ಒಂದೂವರೆ ಒಳಗೆ ಹಡಗಿಗೆ ಹೋಗಿ ಮಲಗಿಸಿ. ಜುಲೈ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಊರೆಲ್ಲಾ ತಿಳಿ ಬಣ್ಣದ ಸುಣ್ಣಕಲ್ಲು, ಬಿಸಿಲು ಗೋಡೆಗೆ ಬಡಿದು ವಾಪಸ್ ಮುಖಕ್ಕೆ ಬರುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಅತ್ತೆಗೆ ಅಷ್ಟು ನಡೆಯೋಕೆ ಆಗುತ್ತಾ? ಸ್ಟ್ರಾಲರ್ ತರೋದಾ? ಊಟದ ಬಗ್ಗೆಯೂ ಹೇಳಿ.

ಉತ್ತರ:
ಅತ್ತೆಯವರನ್ನು ದೋಣಿಗೆ ಎಳೆಯಬೇಡಿ. ಅವರಿಗೆ ಹಡಗಿನಲ್ಲಿ ವಿಶ್ರಾಂತಿ ಆಗಲಿ. ಹನ್ನೊಂದರ ಹೊತ್ತಿಗೆ ನಿಮ್ಮವರು ಜೊತೆಗೆ ಹೋಗಿ ಟ್ಯಾಕ್ಸಿಯಲ್ಲಿ ನೇರ ಕ್ಯಾಸ್ಟೀಲ್ ಚೌಕಕ್ಕೆ ಕರೆತರಲಿ. ಉದ್ಯಾನ ಅದರ ಪಕ್ಕದಲ್ಲೇ. ಮರದ ನೆರಳು, ಬೆಂಚು, ಕಾಫಿ ಸಿಗುವ ಅಂಗಡಿ ಇದೆ. ಇಡೀ ಬಂದರು ಕೂತಲ್ಲೇ ಕಾಣುತ್ತದೆ. ಬೆಳಿಗ್ಗೆಯಿಂದ ಎಲ್ಲರೂ ಒಟ್ಟಿಗೇ ಇರಬೇಕು ಅಂತ ಹಟ ಹಿಡಿದಾಗಲೇ ಇಂಥ ಪ್ರವಾಸದಲ್ಲಿ ಅಜ್ಜಿಯೂ ಸೋಲುತ್ತಾರೆ, ಮಗುವೂ ಸೋಲುತ್ತದೆ.

ಸ್ಟ್ರಾಲರ್ ತನ್ನಿ, ಆದರೆ ಮಡಚಿ ಕೈಯಲ್ಲಿ ಹಿಡಿಯುವ ಹಗುರದ್ದು. ಊರಿನ ಮುಖ್ಯ ಬೀದಿ ರಿಪಬ್ಲಿಕ್ ಸ್ಟ್ರೀಟ್‌ನಲ್ಲಿ ಓಡಾಡುವುದು ಸುಲಭ. ಅಡ್ಡರಸ್ತೆಗಳಿಗೆ ತಿರುಗಿದರೆ ಇಳಿಜಾರು, ಎಷ್ಟೋ ಕಡೆ ಬರೀ ಮೆಟ್ಟಿಲು.

ಊಟಕ್ಕೆ ಅಲ್ಲಿನ ಪಸ್ತಿತ್ಸಿ ತಿನ್ನಿಸಿ. ನಮ್ಮ ಬೇಕರಿ ಪಫ್ಸ್ ತರಹ ಪದರ ಪದರ ಇರುತ್ತದೆ, ಒಳಗೆ ಬಟಾಣಿ ಅಥವಾ ರಿಕೋಟಾ ಚೀಸ್. ಬಟಾಣಿಯದ್ದು ಮಕ್ಕಳಿಗೆ ಹಿಡಿಸುತ್ತದೆ. ಒಂದು ಎಚ್ಚರಿಕೆ: ಕೆಲವು ಕಡೆ ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ. ಕೇಳಿಯೇ ತಗೊಳ್ಳಿ. ಇಂಗ್ಲಿಷ್ ಅಲ್ಲಿ ಆಡಳಿತ ಭಾಷೆಯೇ, ಮಾತಿಗೆ ತೊಂದರೆ ಇಲ್ಲ. ಹಡಗಿನ ಬಫೆಯಿಂದ ಮೊಸರನ್ನ ಕಟ್ಟಿಕೊಂಡು ಇಳಿಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಸೀಲ್ ಆಗಿರುವ ಬಿಸ್ಕತ್ತು ಇಟ್ಟುಕೊಳ್ಳಿ. ನೀರೂ ತಗೊಂಡು ಹೋಗಿ, ಅಲ್ಲಿ ನಲ್ಲಿಯ ನೀರು ಕುಡಿಯಬಹುದಾದರೂ ರುಚಿಗೆ ಮಕ್ಕಳು ಕುಡಿಯುವುದಿಲ್ಲ.

ಇನ್ನೊಬ್ಬ ಸದಸ್ಯರು:
ಸರ್, ನಾವೂ ಹೋಗುತ್ತಿದ್ದೇವೆ. ನಮ್ಮ ಮಕ್ಕಳಿಗೆ 9 ಮತ್ತು 11. ಮ್ದೀನಾ ಬಿಡಲು ಮನಸ್ಸಿಲ್ಲ. ಸ್ವಂತವಾಗಿ ಹೋದರೆ ಹಡಗು ತಪ್ಪುವ ಭಯ. ಅತ್ತೆ-ಮಾವ ಬೆಂಗಳೂರಿನಿಂದ ಬರುತ್ತಾರೆ, ಅವರ ವೀಸಾ ಬಗ್ಗೆಯೂ ತಿಳಿಸಿ.

ಉತ್ತರ:
ಆ ವಯಸ್ಸಿಗೆ ಮ್ದೀನಾ ಖಂಡಿತ ಹೋಗಿ ಸರ್, ಚೆನ್ನಾಗಿದೆ. ಬೆಳಿಗ್ಗೆಯೇ ಹೊರಡಿ, ಮಧ್ಯಾಹ್ನ ವಲೆಟ್ಟಾ ಇಟ್ಟುಕೊಳ್ಳಿ. ದೂರದ್ದು ಮೊದಲು, ಹಡಗಿನ ಹತ್ತಿರದ್ದು ಕೊನೆಗೆ.

ಭಯ ಸರಿಯಾದದ್ದೇ. ಹಡಗಿನವರದೇ ಟೂರ್ ತಡವಾದರೆ ಹಡಗು ಕಾಯುತ್ತದೆ. ನೀವೇ ಹೋಗಿ ತಡವಾದರೆ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಹೋಗಬೇಕು. 5ಕ್ಕೆ ಹೊರಡುವ ಹಡಗಿಗೆ ಸಾಮಾನ್ಯವಾಗಿ ನಾಲ್ಕೂವರೆಗೇ ಎಲ್ಲರೂ ಒಳಗಿರಬೇಕು. ಅದಕ್ಕೂ ಒಂದು ಗಂಟೆ ಮೊದಲು ಬಂದುಬಿಡಿ. ಗ್ರೀಸ್ ಕಡೆಯಿಂದ ಬರುವವರು ಇನ್ನೊಂದು ನೋಡಿಕೊಳ್ಳಿ: ಅಲ್ಲಿನ ಸಮಯ ಮಾಲ್ಟಾಕ್ಕಿಂತ ಒಂದು ಗಂಟೆ ಮುಂದೆ. ಫೋನ್ ತಾನಾಗಿಯೇ ಬದಲಾಗುತ್ತದೆ, ಹಡಗು ತನ್ನ ಗಡಿಯಾರ ಬದಲಿಸಿರದೇ ಇರಬಹುದು. ಇಳಿಯುವಾಗ ಹಡಗಿನ ಸಮಯ ಕೇಳಿಕೊಂಡು ಒಂದು ಮಾಮೂಲಿ ವಾಚ್ ಅದಕ್ಕೆ ಹೊಂದಿಸಿ. ಹಡಗಿನ ದಿನಪತ್ರದಲ್ಲಿರುವ ಬಂದರು ಏಜೆಂಟರ (ಆ ಊರಿನಲ್ಲಿ ಹಡಗಿನವರ ಪ್ರತಿನಿಧಿ) ನಂಬರನ್ನು ಫೋಟೋ ತೆಗೆದುಕೊಂಡೇ ಇಳಿಯಿರಿ.

ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮ ಅತ್ತೆ-ಮಾವನಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕು, ಮಾಲ್ಟಾ ಅದರೊಳಗೇ ಬರುತ್ತದೆ. ನಿಮ್ಮ ಹಡಗು ನಡುವೆ ಟ್ಯುನೀಷಿಯಾ ಅಥವಾ ಟರ್ಕಿಗೆ ಹೋಗಿ ಬರುವುದಾದರೆ ಮಲ್ಟಿಪಲ್ ಎಂಟ್ರಿ, ಅಂದರೆ ಹೊರಗೆ ಹೋಗಿ ಮತ್ತೆ ಒಳಗೆ ಬರಲು ಬಿಡುವ ವೀಸಾವನ್ನೇ ಕೇಳಿ. ಆ ದೇಶಗಳ ನಿಯಮ ಬೇರೆ, ಟಿಕೆಟ್ ಕೊಟ್ಟವರ ಹತ್ತಿರ ಬರಹದಲ್ಲಿ ಕೇಳಿ ಪಡೆಯಿರಿ.

ಪ್ರಶ್ನೆ ಕೇಳಿದವರು:
ಒಂದೇ ಒಂದು ಸರ್. 12ರ ಹೊತ್ತಿಗೆ ಮಗ ರಚ್ಚೆ ಹಿಡಿದು ಫಿರಂಗಿ ತಪ್ಪಿಹೋದರೆ?

ಉತ್ತರ:
ಚಿಂತೆ ಬೇಡ ಮೇಡಂ. 4 ಗಂಟೆಗೆ ನೀವು ಹಡಗಿನ ಡೆಕ್ ಮೇಲೆ ಇರುತ್ತೀರಿ. ಉದ್ಯಾನದ ಕಡೆ ಮುಖ ಮಾಡಿ ನಿಲ್ಲಿ, ಶಬ್ದ ಅಲ್ಲಿಗೇ ಕೇಳಿಸುತ್ತದೆ.